ಬೆಂಡೆಯ ಹಳದಿ ನಂಜು: ಕೋಶದಿಂದ ಕೋಶಕ್ಕೆ ವೈರಸ್ ಹಿಡಿಯುವ ಹಾದಿ

ಬೆಂಡೆಯ ಹಳದಿ ನಂಜುರೋಗ ಮೊದಲು ಕಾಣಿಸಿಕೊಳ್ಳುವುದು ಎಳೆ ಎಲೆಯ ನರಗಳಲ್ಲಿ. ಕವಲು ನರಗಳು ತಿಳಿಯಾಗುತ್ತವೆ. ಕೆಲವೇ ದಿನಗಳಲ್ಲಿ ನರಜಾಲವೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿ, ನಡುವೆ ಹಸಿರು ತುಣುಕುಗಳಷ್ಟೇ ಉಳಿಯುತ್ತವೆ. ರೋಗ ಬಲಿತರೆ ಆ ಹಸಿರೂ ಅಳಿದು ಎಲೆ ಪೂರ್ತಿ ಹಳದಿಯಾಗುತ್ತದೆ. ಕಾಯಿ ಬಿಳಿಚಿಕೊಂಡು, ಗಿಡ್ಡಾಗಿ, ಬೇಗ ನಾರು ಕಟ್ಟುತ್ತದೆ. ಥಾಣೆ ಜಿಲ್ಲೆಯ ಮುರ್ಬಾಡ್, ಶಹಾಪುರ, ಕಲ್ಯಾಣ್, ಭಿವಂಡಿ ತಾಲೂಕುಗಳ ಬೆಂಡೆ ಹೊಲಗಳಿಗೂ, ಥಾಣೆಯಿಂದ ಕಲ್ಯಾಣದವರೆಗೆ ರೈಲು ಹಳಿಗಳ ಪಕ್ಕದ ತುಂಡು ನೆಲದಲ್ಲಿ ಬೆಳೆಯುವ ತರಕಾರಿಗೂ, ಡೊಂಬಿವಲಿ ಮತ್ತು ನವಿ ಮುಂಬಯಿಯ ಬಾಲ್ಕನಿ ಕುಂಡಗಳಿಗೂ ಈ ರೋಗ ಹೊಸದಲ್ಲ. ಮರಾಠಿ ರೈತರು ಇದನ್ನು ‘ಹಳದ್ಯಾ’ ಎನ್ನುತ್ತಾರೆ.

ರೋಗದ ಮೊದಲ ದಾಖಲೆಯೂ ಇದೇ ಸೀಮೆಯದು. 1924ರಲ್ಲಿ ಜಿ.ಎಸ್. ಕುಲಕರ್ಣಿ ಅವರು ಮುಂಬಯಿ ಪ್ರಾಂತ್ಯದ ಬೆಳೆಗಳ ಮೊಸಾಯಿಕ್ ರೋಗಗಳನ್ನು ವಿವರಿಸುವಾಗ ಬೆಂಡೆಯ ಈ ಕಾಯಿಲೆಯನ್ನು ಹೆಸರಿಸಿದರು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಆ ಪ್ರಾಂತ್ಯದ ಭಾಗವಾಗಿದ್ದವು. 1940ರಲ್ಲಿ ಬಿ.ಎನ್. ಉಪ್ಪಲ್, ಪಿ.ಎಂ. ವರ್ಮಾ ಮತ್ತು ಎಸ್.ಪಿ. ಕಪೂರ್ ಇದು ವೈರಸ್‌ನಿಂದ ಬರುವ ರೋಗವೆಂದು ಗುರುತಿಸಿದರು. 1950ರಲ್ಲಿ ಕಪೂರ್ ಮತ್ತು ವರ್ಮಾ ಇನ್ನಷ್ಟು ವಿವರ ಕೊಟ್ಟರು: ರೋಗಿ ಗಿಡದ ರಸವನ್ನು ಆರೋಗ್ಯದ ಎಲೆಗೆ ಸವರಿದರೆ ಸೋಂಕು ಹತ್ತುವುದಿಲ್ಲ, ಕಸಿ ಕಟ್ಟಿದರೆ ಹತ್ತುತ್ತದೆ, ಹೊಲದಲ್ಲಿ ಅದನ್ನು ಹೊತ್ತು ತಿರುಗುವುದು ಬಿಳಿನೊಣ.

ಬಿಳಿನೊಣ ಗಿಡದ ಒಂದು ಎಲೆಯ ಒಂದು ಬಿಂದುವಿನಲ್ಲಿ ಚುಚ್ಚುತ್ತದೆ. ಅಲ್ಲಿ ಇಳಿದ ಬೆರಳೆಣಿಕೆಯ ವೈರಸ್ ಕಣಗಳು ಎರಡು ಮೂರು ವಾರಗಳೊಳಗೆ ಗಿಡದ ತುದಿಯವರೆಗೂ ಹರಡಿರುತ್ತವೆ. ವೈರಸ್‌ಗೆ ಚಲಿಸುವ ಅಂಗವಿಲ್ಲ, ತನ್ನದೇ ಶಕ್ತಿಯಿಲ್ಲ. ಪ್ರಾಣಿದೇಹದಲ್ಲಾದರೆ ಅದು ಕೋಶದಿಂದ ಹೊರಬಿದ್ದು ರಕ್ತದಲ್ಲೋ ದ್ರವದಲ್ಲೋ ತೇಲಿ ಇನ್ನೊಂದು ಕೋಶದ ಪೊರೆಗೆ ಅಂಟಿಕೊಳ್ಳಬಲ್ಲದು. ಸಸ್ಯದಲ್ಲಿ ಅದಕ್ಕೆ ಅವಕಾಶವಿಲ್ಲ, ಪ್ರತಿ ಕೋಶದ ಸುತ್ತ ಸೆಲ್ಯುಲೋಸಿನ ಗಟ್ಟಿ ಭಿತ್ತಿಯಿದೆ. ಹೀಗಿದ್ದೂ ಅದು ಗಿಡವನ್ನೆಲ್ಲ ವ್ಯಾಪಿಸುವುದು ಹೇಗೆ ಎಂಬುದಕ್ಕೆ ಉತ್ತರ ಗಿಡದ ರಚನೆಯಲ್ಲೇ ಇದೆ. ಗಿಡ ತನ್ನ ಬದುಕಿಗಾಗಿ ಮಾಡಿಕೊಂಡ ದಾರಿಗಳಲ್ಲೇ ವೈರಸ್ ಸಾಗುತ್ತದೆ.

ಭಿತ್ತಿಯೊಳಗಿನ ಕಿಂಡಿಗಳು

ಕೋಶಭಿತ್ತಿ ಹೊರನೋಟಕ್ಕೆ ಮುಚ್ಚಿದ ಗೋಡೆಯಂತಿದ್ದರೂ ಅದರ ಉದ್ದಗಲಕ್ಕೂ ಅತಿಸೂಕ್ಷ್ಮ ನಾಳಗಳಿವೆ. ಇವುಗಳ ಹೆಸರು ಪ್ಲಾಸ್ಮೋಡೆಸ್ಮಾಟಾ. 1879ರಲ್ಲಿ ಎಡ್ವರ್ಡ್ ಟಾಂಗ್ಲ್ ಎಂಬ ಸಸ್ಯವಿಜ್ಞಾನಿ ಬೀಜಗಳ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದಾಗ ಅಕ್ಕಪಕ್ಕದ ಕೋಶಗಳನ್ನು ಬೆಸೆಯುವ ಎಳೆಗಳನ್ನು ಕಂಡರು. ಅವರು ನೋಡಿದ ಬೀಜಗಳಲ್ಲಿ ಕೊಂಕಣ ಮತ್ತು ಕರಾವಳಿಯ ಕಾಡುಗಳಲ್ಲಿ ಬೆಳೆಯುವ ಕಾಸರಕದ ಬೀಜವೂ ಒಂದು. ಈ ಎಳೆಗಳಿಗೆ ಇಂದಿನ ಹೆಸರನ್ನು 1901ರಲ್ಲಿ ಎಡ್ವರ್ಡ್ ಸ್ಟ್ರಾಸ್‌ಬರ್ಗರ್ ಕೊಟ್ಟರು.

ಒಂದು ಕೋಶಕ್ಕೆ ಇಂಥ ನಾಳಗಳು ಸಾವಿರದಿಂದ ಲಕ್ಷದವರೆಗೂ ಇರಬಹುದು. ಒಂದೊಂದರ ಅಗಲ ಸುಮಾರು 30ರಿಂದ 50 ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗವೇ ನ್ಯಾನೊಮೀಟರ್. ನಾಳದ ಒಳಗೋಡೆಗೆ ಕೋಶಪೊರೆಯ ಹಾಸು ಇರುತ್ತದೆ, ಅಂದರೆ ಎರಡು ಕೋಶಗಳ ಪೊರೆ ಇಲ್ಲಿ ಒಂದೇ ಆಗಿ ಮುಂದುವರಿಯುತ್ತದೆ. ನಡುವೆ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಯು ಬಿಗಿಯಾಗಿ ಸುತ್ತಿಕೊಂಡು ಸರಳಿನಂತೆ ಹಾದುಹೋಗುತ್ತದೆ. ಹಾಸಿಗೂ ಸರಳಿಗೂ ನಡುವೆ ಉಳಿಯುವ ತೆರವು ಮೂರು ನಾಲ್ಕು ನ್ಯಾನೊಮೀಟರ್ ಮಾತ್ರ. ನೀರು, ಲವಣ, ಸಕ್ಕರೆ, ಅಮೈನೊ ಆಮ್ಲ, ಹಾರ್ಮೋನುಗಳು ಈ ತೆರವಿನಲ್ಲಿ ಸಲೀಸಾಗಿ ಹರಿಯುತ್ತವೆ. ಎಲೆಯಲ್ಲಿ ತಯಾರಾದ ಸಕ್ಕರೆ ನರದವರೆಗೆ ತಲುಪುವುದು, ಬೆಳೆಯುವ ತುದಿಯಲ್ಲಿ ಯಾವ ಕೋಶ ಏನಾಗಬೇಕೆಂದು ನಿರ್ಧಾರವಾಗುವುದು, ಎಲ್ಲವೂ ಈ ಸಂಪರ್ಕದಿಂದಲೇ. ಈ ಅರ್ಥದಲ್ಲಿ ಗಿಡದ ಕೋಟ್ಯಂತರ ಕೋಶಗಳು ಒಂದೇ ಜೀವದ್ರವದಲ್ಲಿ ಕೂಡಿಕೊಂಡಿವೆ.

ವೈರಸ್ ಕಣಕ್ಕೆ ಮಾತ್ರ ಈ ತೆರವು ಸಾಲದು. ತಂಬಾಕಿನ ಮೊಸಾಯಿಕ್ ವೈರಸ್ 300 ನ್ಯಾನೊಮೀಟರ್ ಉದ್ದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ. ಬೆಂಡೆಯ ವೈರಸ್‌ನದು ಜೋಡಿ ಕಣ: ಎರಡು ಬಹುಮುಖಿ ಚಿಪ್ಪುಗಳು ಒಂದಕ್ಕೊಂದು ಅಂಟಿಕೊಂಡು ಸುಮಾರು 30 ನ್ಯಾನೊಮೀಟರ್ ಉದ್ದ, 20 ನ್ಯಾನೊಮೀಟರ್ ಅಗಲ. ನಾಳ ಇದ್ದ ಹಾಗೆಯೇ ಇದ್ದರೆ ಇವೆರಡೂ ಹಾಯಲಾರವು. ಆದ್ದರಿಂದ ಕಿಂಡಿಯನ್ನು ಅಗಲಿಸುವುದೋ, ಕಣದ ರೂಪ ಬಿಟ್ಟು ತೆಳ್ಳಗಾಗುವುದೋ, ಎರಡರಲ್ಲೊಂದು ಆಗಲೇಬೇಕು.

ಸಾಗಣೆ ಪ್ರೋಟೀನಿನ ಪತ್ತೆ

ಈ ಗುಟ್ಟು ಬಯಲಾದದ್ದು ತಂಬಾಕಿನ ಮೊಸಾಯಿಕ್ ವೈರಸ್‌ನಿಂದ. ವೈರಸ್ ಎಂಬ ಕಲ್ಪನೆಯೇ ಹುಟ್ಟಿದ್ದು ಈ ರೋಗದ ಅಧ್ಯಯನದಲ್ಲಿ: 1892ರಲ್ಲಿ ರಷ್ಯಾದ ದ್ಮಿತ್ರಿ ಇವಾನೊವ್‌ಸ್ಕಿ, 1898ರಲ್ಲಿ ಹಾಲೆಂಡಿನ ಮಾರ್ಟಿನಸ್ ಬೈಯೆರಿಂಕ್ ಬ್ಯಾಕ್ಟೀರಿಯಾವನ್ನು ತಡೆಯುವ ಸೋಸುಕವನ್ನೂ ದಾಟಿ ಹೋಗುವ ಸೋಂಕನ್ನು ಇದರಲ್ಲೇ ಕಂಡಿದ್ದರು. 1978ರಲ್ಲಿ ಜಪಾನಿನ ವಿಜ್ಞಾನಿಗಳು ಈ ವೈರಸ್‌ನ ವಿಚಿತ್ರ ತಳಿಯೊಂದನ್ನು ವರ್ಣಿಸಿದರು. 22 ಡಿಗ್ರಿ ತಾಪದಲ್ಲಿ ಅದು ಎಲೆಯಲ್ಲಿ ಎಂದಿನಂತೆ ಹರಡುತ್ತಿತ್ತು. 32 ಡಿಗ್ರಿಯಲ್ಲಿ ಹೊಕ್ಕ ಕೋಶದೊಳಗೆ ಚೆನ್ನಾಗಿಯೇ ವೃದ್ಧಿಯಾಗುತ್ತಿತ್ತು, ಆದರೆ ಪಕ್ಕದ ಕೋಶಕ್ಕೆ ದಾಟುತ್ತಿರಲಿಲ್ಲ. ಹೆಚ್ಚುವ ಸಾಮರ್ಥ್ಯವೇ ಬೇರೆ, ಹರಡುವ ಸಾಮರ್ಥ್ಯವೇ ಬೇರೆ ಎಂಬುದು ಇದರಿಂದ ಸ್ಪಷ್ಟವಾಯಿತು. ದೋಷ ಕಂಡುಬಂದದ್ದು ವೈರಸ್‌ನ 30 ಕಿಲೋಡಾಲ್ಟನ್ ತೂಕದ ಒಂದು ಪ್ರೋಟೀನಿನಲ್ಲಿ.

1987ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೋಜರ್ ಬೀಚಿ ಅವರ ತಂಡ ಆ ಪ್ರೋಟೀನಿನ ಜೀನನ್ನು ತಂಬಾಕು ಗಿಡಕ್ಕೇ ಸೇರಿಸಿತು. ಆ ಗಿಡಗಳಲ್ಲಿ ದೋಷವುಳ್ಳ ತಳಿಯೂ ಹೆಚ್ಚಿನ ತಾಪದಲ್ಲಿ ಸರಾಗವಾಗಿ ಹರಡಿತು. ವೈರಸ್ಸನ್ನು ಕೋಶದಿಂದ ಕೋಶಕ್ಕೆ ದಾಟಿಸುವ ಸಾಗಣೆ ಪ್ರೋಟೀನು ಒಂದಿದೆ ಎಂಬುದು ಆಗ ಸಾಬೀತಾಯಿತು. ಎರಡು ವರ್ಷಗಳ ಬಳಿಕ ಹೊಳೆಯುವ ಬಣ್ಣದ ಅಣುಗಳನ್ನು ಕೋಶಕ್ಕೆ ಚುಚ್ಚಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಸಾಮಾನ್ಯ ಗಿಡದ ನಾಳದಲ್ಲಿ ಒಂದು ಕಿಲೋಡಾಲ್ಟನ್ನಿಗಿಂತ ಚಿಕ್ಕ ಅಣುಗಳಷ್ಟೇ ದಾಟುತ್ತಿದ್ದವು. ಸಾಗಣೆ ಪ್ರೋಟೀನು ಇರುವ ಗಿಡದಲ್ಲಿ ಒಂಬತ್ತು ಕಿಲೋಡಾಲ್ಟನ್ನಿಗೂ ಮೀರಿದ ಅಣುಗಳು ದಾಟಿದವು. ವೈರಸ್‌ನ ಪ್ರೋಟೀನು ಕಿಂಡಿಯ ಮಿತಿಯನ್ನೇ ಬದಲಿಸುತ್ತಿತ್ತು.

1990ರ ದಶಕದ ಆರಂಭದಲ್ಲಿ ಚಿತ್ರ ಮತ್ತಷ್ಟು ತುಂಬಿತು. ಸಾಗಣೆ ಪ್ರೋಟೀನು ವೈರಸ್‌ನ ವಂಶವಸ್ತುವಾದ ಆರ್‌ಎನ್‌ಎಗೆ ಸಾಲಾಗಿ ಅಂಟಿಕೊಂಡು, ಅದರ ಮಡಿಕೆ ಬಿಡಿಸಿ, ಎರಡು ನ್ಯಾನೊಮೀಟರಿನಷ್ಟು ತೆಳ್ಳನೆಯ ಎಳೆಯಾಗಿಸುತ್ತದೆ. ಅಂದರೆ ಪಕ್ಕದ ಕೋಶಕ್ಕೆ ಹೋಗಲು 300 ನ್ಯಾನೊಮೀಟರಿನ ಕಡ್ಡಿ ಬೇಕಾಗಿಯೇ ಇಲ್ಲ. ಚಿಪ್ಪಿನ ಪ್ರೋಟೀನು ಇಲ್ಲದ ತಂಬಾಕು ವೈರಸ್ ಕೂಡ ಕೋಶದಿಂದ ಕೋಶಕ್ಕೆ ಹರಡಬಲ್ಲದು. ಮೊದಲ ಕೋಶದಿಂದ ಹೊರಡಲು ಅದಕ್ಕೆ ಒಂದು ದಿನದಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಒಂದೊಂದು ಕೋಶಕ್ಕೆ ಕೆಲವೇ ಗಂಟೆ ಸಾಕು.

ಬೇರೆ ಬೇರೆ ವೈರಸ್, ಬೇರೆ ಬೇರೆ ಉಪಾಯ

ಎಲ್ಲ ಸಸ್ಯವೈರಸ್‌ಗಳೂ ಈ ಒಂದೇ ಕ್ರಮ ಅನುಸರಿಸುವುದಿಲ್ಲ. ಅಲಸಂದೆಯ ಮೊಸಾಯಿಕ್ ವೈರಸ್, ಹೂಕೋಸಿನ ಮೊಸಾಯಿಕ್ ವೈರಸ್‌ಗಳ ಸಾಗಣೆ ಪ್ರೋಟೀನುಗಳು ನಾಳದ ನಡುವಿನ ಸರಳನ್ನು ತೆಗೆದು ಅಲ್ಲಿ ತಮ್ಮದೇ ಕೊಳವೆ ಕಟ್ಟುತ್ತವೆ. ಅದರೊಳಗೆ ವೈರಸ್ ಕಣಗಳು ಬಿಚ್ಚಿಕೊಳ್ಳದೆ, ಇಡಿಯಾಗಿ, ಒಂದರ ಹಿಂದೊಂದು ಸಾಗುವುದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ನೋಡಬಹುದು. ಹೀಗೆ ಕೊಳವೆ ಹಾಕಿದ ನಾಳ ಮೊದಲಿನ ಸ್ಥಿತಿಗೆ ಮರಳುವುದು ಕಷ್ಟ. ಆಲೂಗಡ್ಡೆಯ ಎಕ್ಸ್ ವೈರಸ್‌ನಲ್ಲಿ ಒಂದರ ಬದಲು ಮೂರು ಪುಟ್ಟ ಪ್ರೋಟೀನುಗಳು ಕೆಲಸ ಹಂಚಿಕೊಳ್ಳುತ್ತವೆ, ಚಿಪ್ಪಿನ ಪ್ರೋಟೀನೂ ಜೊತೆಗೂಡುತ್ತದೆ. ಪಪ್ಪಾಯಿಯ ಉಂಗುರ ಚುಕ್ಕೆ ವೈರಸ್, ಕೊಡಗು ಮತ್ತು ಮಲೆನಾಡಿನ ಏಲಕ್ಕಿ ಬೆಳೆಗಾರರಿಗೆ ಚಿರಪರಿಚಿತವಾದ ಕಟ್ಟೆರೋಗದ ವೈರಸ್ ಸೇರಿದ ಪಾಟಿವೈರಸ್ ಕುಟುಂಬದಲ್ಲಿ ನಾಳದ ಬಾಯಿಗೆ ಶಂಕುವಿನಾಕಾರದ ರಚನೆಗಳು ಜೋಡಣೆಯಾಗುತ್ತವೆ. ಆ ಗುಂಪಿನ ಸಾಗಣೆಗೆ ಬೇಕಾದ ಒಂದು ಪ್ರೋಟೀನು 2008ರವರೆಗೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಏಕೆಂದರೆ ಅದರ ಸಂಕೇತ ಇನ್ನೊಂದು ಜೀನಿನೊಳಗೇ ಹುದುಗಿತ್ತು.

ವಿಧಾನ ಏನೇ ಇರಲಿ, ಗುರಿ ಒಂದೇ ನಾಳ. ಸಾಗಣೆ ಪ್ರೋಟೀನುಗಳು ಅಲ್ಲಿಗೆ ತಲುಪಲು ಕೋಶದೊಳಗಿನ ಪೊರೆಜಾಲವನ್ನೂ ಆಧಾರತಂತುಗಳನ್ನೂ ಬಳಸಿಕೊಳ್ಳುತ್ತವೆ. ಗಿಡದ್ದೇ ಕೆಲವು ಪ್ರೋಟೀನುಗಳು ಮತ್ತು ಆರ್‌ಎನ್‌ಎಗಳು ಕೂಡ ಬೆಳವಣಿಗೆಯ ಸಂದೇಶಗಳಾಗಿ ಈ ನಾಳಗಳನ್ನು ದಾಟುತ್ತವೆ. ವೈರಸ್ ಹೊಸ ದಾರಿ ತೋಡುತ್ತಿಲ್ಲ. ಇದ್ದ ಏರ್ಪಾಟನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಿದೆ.

ಬೆಂಡೆಯ ವೈರಸ್: ಕೋಶಕೇಂದ್ರದಿಂದ ಕಿಂಡಿಯವರೆಗೆ

ಬೆಂಡೆಯ ಹಳದಿ ನರ ಮೊಸಾಯಿಕ್ ವೈರಸ್ ಬೆಗೊಮೊವೈರಸ್ ಗುಂಪಿಗೆ ಸೇರಿದೆ. ಇದರ ವಂಶವಸ್ತು ಆರ್‌ಎನ್‌ಎ ಅಲ್ಲ. ಸುಮಾರು 2,700 ಅಕ್ಷರಗಳಷ್ಟು ಉದ್ದದ, ಬಳೆಯಾಕಾರದ, ಒಂಟಿ ಎಳೆಯ ಡಿಎನ್‌ಎ. ಇಷ್ಟರಿಂದಲೇ ರೋಗ ಪೂರ್ಣರೂಪಕ್ಕೆ ಬರುವುದಿಲ್ಲ. 2003ರಲ್ಲಿ ಮದುರೈ ಕಾಮರಾಜ್ ವಿಶ್ವವಿದ್ಯಾಲಯದ ಜಾಯ್ಸ್ ಜೋಸ್ ಮತ್ತು ಆರ್. ಉಷಾ, ಈ ಡಿಎನ್‌ಎ ಜೊತೆಗೆ ಅದರ ಅರ್ಧದಷ್ಟೇ ಉದ್ದದ ಬೀಟಾಸ್ಯಾಟಲೈಟ್ ಎಂಬ ಇನ್ನೊಂದು ಬಳೆಯೂ ಕೂಡಿದಾಗ ಮಾತ್ರ ನರಗಳು ಹಳದಿಯಾಗುವ ನಿಜವಾದ ಲಕ್ಷಣ ಕಾಣಿಸುತ್ತದೆ ಎಂದು ತೋರಿಸಿದರು. ಬೀಟಾಸ್ಯಾಟಲೈಟ್‌ನಲ್ಲಿ ಇರುವುದು ಬೀಟಾಸಿ1 ಎಂಬ ಒಂದೇ ಒಂದು ಮುಖ್ಯ ಪ್ರೋಟೀನಿನ ಸಂಕೇತ.

ಡಿಎನ್‌ಎ ವೈರಸ್ ಆದ್ದರಿಂದ ಇದರ ಪ್ರಯಾಣಕ್ಕೆ ಒಂದು ಹಂತ ಹೆಚ್ಚು. ತಂಬಾಕಿನ ವೈರಸ್ ಕೋಶದ್ರವದಲ್ಲೇ ವೃದ್ಧಿಯಾಗುತ್ತದೆ. ಬೆಂಡೆಯದು ಕೋಶಕೇಂದ್ರದೊಳಗೆ ಹೋಗಬೇಕು. ಬೆಳೆದು ನಿಂತ ಕೋಶ ಡಿಎನ್‌ಎ ನಕಲು ಮಾಡುವ ಯಂತ್ರಾಂಗವನ್ನು ನಿಲ್ಲಿಸಿರುತ್ತದೆ. ವೈರಸ್‌ನ ರೆಪ್ ಎಂಬ ಪ್ರೋಟೀನು ಕೋಶವಿಭಜನೆಯನ್ನು ಹಿಡಿದಿಟ್ಟಿರುವ ನಿಯಂತ್ರಕವನ್ನು ಸಡಿಲಿಸಿ ಆ ಯಂತ್ರಾಂಗವನ್ನು ಮತ್ತೆ ಚಾಲೂ ಮಾಡಿಸುತ್ತದೆ. ಹೊಸ ಪ್ರತಿಗಳು ತಯಾರಾದ ಮೇಲೆ ಅವು ಕೋಶಕೇಂದ್ರದಿಂದ ಹೊರಬಂದು, ಕೋಶದ ಅಂಚಿಗೆ ಸಾಗಿ, ಕಿಂಡಿಯನ್ನು ದಾಟಿ, ಪಕ್ಕದ ಕೋಶದ ಕೇಂದ್ರವನ್ನು ಸೇರಬೇಕು. ಈ ಸರಣಿಯಲ್ಲಿ ಚಿಪ್ಪಿನ ಪ್ರೋಟೀನು ಡಿಎನ್‌ಎಯನ್ನು ಕೇಂದ್ರದ ಒಳಗೂ ಹೊರಗೂ ಸಾಗಿಸುತ್ತದೆ. ಬೀಟಾಸಿ1 ಚಿಪ್ಪಿನ ಪ್ರೋಟೀನಿನ ಜೊತೆ ಕೈಜೋಡಿಸುತ್ತದೆ ಎಂದು ಉಷಾ ಅವರ ತಂಡ ಇಸ್ರೇಲಿನ ವಿಜ್ಞಾನಿಗಳೊಂದಿಗೆ 2006ರಲ್ಲಿ ಪ್ರಕಟಿಸಿತು. ಕೆಲವು ಬೆಗೊಮೊವೈರಸ್‌ಗಳಲ್ಲಿ ಈ ಎರಡು ಕೆಲಸಗಳಿಗೆ ಎರಡನೆಯ ಡಿಎನ್‌ಎ ಬಳೆಯೇ ಇದೆ: ಅದರ ಒಂದು ಪ್ರೋಟೀನು ಕೇಂದ್ರದಿಂದ ಹೊರಗೆ ತರುತ್ತದೆ, ಇನ್ನೊಂದು ಕಿಂಡಿ ದಾಟಿಸುತ್ತದೆ.

ನರಗಳೇ ಏಕೆ ಹಳದಿ?

ಬಿಳಿನೊಣದ ಸೂಜಿಬಾಯಿ ಎಲೆಯ ತೊಗಲಿನ ಕೋಶಗಳ ನಡುವೆ ನುಸುಳಿ ಸೀದಾ ಫ್ಲೋಯೆಮ್‌ಗೆ, ಅಂದರೆ ಸಕ್ಕರೆರಸ ಹರಿಯುವ ಅಂಗಾಂಶಕ್ಕೆ ಇಳಿಯುತ್ತದೆ. ಜೊಲ್ಲಿನ ಜೊತೆ ವೈರಸ್ ಕೂಡ ಅಲ್ಲೇ ಬೀಳುತ್ತದೆ. ಫ್ಲೋಯೆಮ್‌ನ ಜರಡಿ ನಳಿಕೆಗಳಿಗೆ ಕೋಶಕೇಂದ್ರ ಇಲ್ಲ. ಅವುಗಳ ಬದುಕು ಪಕ್ಕದ ಸಂಗಾತಿ ಕೋಶಗಳ ಮೇಲೆ ನಿಂತಿದೆ. ಆದ್ದರಿಂದ ಬೆಂಡೆಯ ವೈರಸ್ ನಳಿಕೆಯಿಂದ ಸಂಗಾತಿ ಕೋಶಕ್ಕೆ ದಾಟಿ, ಅಲ್ಲಿ ವೃದ್ಧಿಯಾಗಿ, ಮತ್ತೆ ನಳಿಕೆಗೆ ಹಿಂತಿರುಗುತ್ತದೆ. ಇವೆರಡರ ನಡುವಿನ ಪ್ಲಾಸ್ಮೋಡೆಸ್ಮಾಟಾಗಳು ಒಂದು ಬದಿಯಲ್ಲಿ ಕವಲೊಡೆದ, ಬೇರೆಡೆಗಿಂತ ಅಗಲವಾದ ನಾಳಗಳು. ಫ್ಲೋಯೆಮ್‌ನಿಂದ ಹೊರಗಿನ ಹಸಿರು ಕೋಶಗಳಿಗೆ ಹೋಗುವ ಸಾಮರ್ಥ್ಯ ಈ ವೈರಸ್‌ಗೆ ಹೆಚ್ಚಿಲ್ಲ. ರೋಗದ ಗುರುತು ನರಗಳಲ್ಲಿ ಮೊದಲು ಮೂಡುವುದೂ, ರಸ ಸವರಿದರೆ ಸೋಂಕು ಹತ್ತದಿರುವುದೂ ಇದೇ ಕಾರಣಕ್ಕೆ: ಸವರಿದ ರಸ ತಲುಪುವುದು ಎಲೆಯ ಮೇಲ್ಪದರವನ್ನು, ವೈರಸ್‌ಗೆ ಬೇಕಾದದ್ದು ಒಳಗಿನ ಫ್ಲೋಯೆಮ್.

ಫ್ಲೋಯೆಮ್ ಸೇರಿದ ವೈರಸ್‌ನ ವೇಗವೇ ಬೇರೆ. ಕೋಶದಿಂದ ಕೋಶಕ್ಕೆ ಹೋಗುವಾಗ ದಿನಕ್ಕೆ ಒಂದು ಮಿಲಿಮೀಟರ್ ಆಸುಪಾಸು ಸಾಗುವ ಸೋಂಕು, ರಸದ ಹರಿವಿನಲ್ಲಿ ಗಂಟೆಗೆ ಸೆಂಟಿಮೀಟರುಗಳ ಲೆಕ್ಕದಲ್ಲಿ ಹೋಗುತ್ತದೆ. ದಿಕ್ಕನ್ನು ಗೊತ್ತುಮಾಡುವುದೂ ಆ ಹರಿವೇ. ಬಲಿತ ಎಲೆಯಿಂದ ಹೊರಟ ಸಕ್ಕರೆ ಬೇರು, ಚಿಗುರು, ಹೂವು, ಕಾಯಿಗಳ ಕಡೆಗೆ ಹೋಗುತ್ತದೆ; ವೈರಸ್ ಕೂಡ ಅತ್ತಲೇ. 1934ರಲ್ಲಿ ಜೆಫ್ರಿ ಸ್ಯಾಮ್ಯುಯೆಲ್ ಟೊಮೆಟೊ ಗಿಡದ ಒಂದೇ ಎಲೆಗೆ ತಂಬಾಕಿನ ವೈರಸ್ ಹಚ್ಚಿ, ದಿನದಿನವೂ ಗಿಡಗಳನ್ನು ತುಂಡುಮಾಡಿ ಪರೀಕ್ಷಿಸಿದರು. ಕೆಲ ದಿನಗಳವರೆಗೆ ಸೋಂಕು ಆ ಎಲೆಯಲ್ಲೇ ಇತ್ತು. ಆಮೇಲೆ ಬೇರಿನಲ್ಲಿ ಸಿಕ್ಕಿತು, ಮುಂದೆ ತುದಿಯ ಎಳೆ ಎಲೆಗಳಲ್ಲಿ. ನಡುವಿನ ಬಲಿತ ಎಲೆಗಳಿಗೆ ಬಂದದ್ದು ಬಹಳ ತಡವಾಗಿ. ಬೆಂಡೆಯಲ್ಲೂ ನೊಣ ಕಚ್ಚಿದ ಹಳೆಯ ಎಲೆ ಹಸಿರಾಗಿಯೇ ಇದ್ದು, ಮೇಲಿನ ಹೊಸ ಎಲೆಗಳು ಹಳದಿಯಾಗುವುದು ಇದರಿಂದಲೇ.

ಗಿಡದ ಎದುರೇಟು

ಗಿಡ ಕೈಕಟ್ಟಿ ಕೂರುವುದಿಲ್ಲ. ಸೋಂಕು ತಟ್ಟಿದಾಗ ಕಿಂಡಿಯ ಎರಡೂ ಬಾಯಿಗಳ ಸುತ್ತ ಕ್ಯಾಲೋಸ್ ಎಂಬ ಸಕ್ಕರೆ ಸರಪಣಿಯನ್ನು ತುಂಬಿ ದಾರಿ ಕಿರಿದು ಮಾಡುತ್ತದೆ. ಕ್ಯಾಲೋಸನ್ನು ಕರಗಿಸುವ ಕಿಣ್ವಗಳೂ ಗಿಡದಲ್ಲೇ ಇವೆ. ಅವು ಚುರುಕಾದ ಕಡೆ ವೈರಸ್ ಬೇಗ ಹರಡುತ್ತದೆ. ಎರಡನೆಯ ರಕ್ಷಣೆ ಆರ್‌ಎನ್‌ಎ ಮೌನೀಕರಣ. ಗಿಡ ವೈರಸ್‌ನ ಆರ್‌ಎನ್‌ಎಯನ್ನು 21ರಿಂದ 24 ಅಕ್ಷರಗಳ ತುಣುಕುಗಳಾಗಿ ಕತ್ತರಿಸಿ, ಆ ತುಣುಕುಗಳನ್ನೇ ಗುರುತುಚೀಟಿಯಾಗಿಟ್ಟುಕೊಂಡು ಅಂಥದ್ದೇ ಇತರ ಆರ್‌ಎನ್‌ಎಗಳನ್ನು ಹುಡುಕಿ ನಾಶಮಾಡುತ್ತದೆ. ಬ್ರಿಟನ್ನಿನ ಆಂಡ್ರ್ಯೂ ಹ್ಯಾಮಿಲ್ಟನ್ ಮತ್ತು ಡೇವಿಡ್ ಬೋಲ್ಕೊಂಬ್ 1999ರಲ್ಲಿ ಈ ತುಣುಕುಗಳನ್ನು ಗುರುತಿಸಿದರು. ಇವೂ ಪ್ಲಾಸ್ಮೋಡೆಸ್ಮಾಟಾಗಳ ಮೂಲಕವೇ ಮುಂದಿನ ಹತ್ತು ಹದಿನೈದು ಕೋಶಗಳಿಗೆ ಹೋಗಿ ಎಚ್ಚರಿಸುತ್ತವೆ. ಸೋಂಕೂ ಎಚ್ಚರಿಕೆಯೂ ಒಂದೇ ದಾರಿಯಲ್ಲಿ ಓಡುವಾಗ ಯಾವುದು ಮೊದಲು ತಲುಪಿತು ಎಂಬುದರ ಮೇಲೆ ಫಲಿತಾಂಶ ನಿಲ್ಲುತ್ತದೆ. ಬೆಗೊಮೊವೈರಸ್‌ಗಳ ಬೀಟಾಸಿ1 ಈ ಎಚ್ಚರಿಕೆಯನ್ನು ಅಡಗಿಸುವ ಪ್ರೋಟೀನು ಕೂಡ ಹೌದು. ಬೀಟಾಸ್ಯಾಟಲೈಟ್ ಜೊತೆಗಿದ್ದಾಗ ರೋಗ ಉಗ್ರವಾಗುವುದಕ್ಕೆ ಇದೊಂದು ಮುಖ್ಯ ಕಾರಣ.

ಗಿಡ ಸಾಮಾನ್ಯವಾಗಿ ಗೆಲ್ಲುವ ಒಂದು ಜಾಗವಿದೆ: ಕುಡಿಯ ತುತ್ತತುದಿ. ಅಲ್ಲಿ ಫ್ಲೋಯೆಮ್ ಇನ್ನೂ ರೂಪುಗೊಂಡಿರುವುದಿಲ್ಲ, ಮೌನೀಕರಣದ ಕಾವಲು ಬಿಗಿಯಾಗಿರುತ್ತದೆ. ಫ್ರಾನ್ಸಿನ ಜಾರ್ಜ್ ಮೊರೆಲ್ ಮತ್ತು ಕ್ಲೋದ್ ಮಾರ್ಟಿನ್ 1952ರಲ್ಲಿ ರೋಗಿ ಡೇಲಿಯಾ ಗಿಡದ ಕುಡಿತುದಿಯಿಂದ ವೈರಸ್ ಇಲ್ಲದ ಸಸಿ ಬೆಳೆಸಿದರು. ಬಾಳೆ, ಆಲೂಗಡ್ಡೆ, ಕಬ್ಬಿನ ಶುದ್ಧ ಸಸಿಗಳನ್ನು ಅಂಗಾಂಶ ಕೃಷಿಯಿಂದ ಪಡೆಯುವ ಪದ್ಧತಿಯ ಬುನಾದಿ ಇದು.

ತಳಿ, ನೊಣ ಮತ್ತು ಮೊದಲ ವಾರಗಳು

ಬೆಂಡೆಯಲ್ಲಿ ರೋಗನಿರೋಧಕ ತಳಿಗಳ ಹುಡುಕಾಟ ದೀರ್ಘವಾದದ್ದು. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಸಾವನಿ ದಶಕಗಳ ಕಾಲ ದೇಶದ ಮೆಚ್ಚಿನ ತಳಿಯಾಗಿತ್ತು, ಕ್ರಮೇಣ ಹಳದಿ ನಂಜಿಗೆ ಸೋತಿತು. ಆಮೇಲೆ ಸಂಶೋಧಕರು ಕಾಡು ಬೆಂಡೆಗಳತ್ತ ತಿರುಗಿದರು. ಪರಭಣಿಯ ಕೃಷಿ ವಿಶ್ವವಿದ್ಯಾಲಯದ ಪರಭಣಿ ಕ್ರಾಂತಿ, ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕಾ, ಅರ್ಕಾ ಅಭಯ್ ತಳಿಗಳು ಹೀಗೆ ಕಾಡು ಸಂಬಂಧಿಗಳ ಗುಣ ಪಡೆದು ಬಂದವು. ಅವುಗಳ ನಿರೋಧವೂ ಹಲವೆಡೆ ಕುಂದಿದೆ. ಬೆಗೊಮೊವೈರಸ್‌ಗಳು ಒಂದೇ ಗಿಡದಲ್ಲಿ ಎರಡು ಮೂರು ಸೇರಿಕೊಂಡಾಗ ಡಿಎನ್‌ಎ ತುಂಡುಗಳನ್ನು ಅದಲುಬದಲು ಮಾಡಿಕೊಂಡು ಹೊಸ ರೂಪ ತಾಳುತ್ತವೆ. ಒಂದು ತಳಿಯ ರಕ್ಷಣೆ ಬಹುಕಾಲ ನಿಲ್ಲದಿರಲು ಇದು ಕಾರಣ.

ಕೊಂಕಣದ ಬಿರುಸು ಮಳೆಯಲ್ಲಿ ಬಿಳಿನೊಣ ತಗ್ಗುತ್ತದೆ; ಮಳೆ ನಿಂತು ಒಣ ಬಿಸಿಲು ಏರುತ್ತಿದ್ದಂತೆ ಹೆಚ್ಚುತ್ತದೆ. ಥಾಣೆಯ ಗ್ರಾಮೀಣ ತಾಲೂಕುಗಳಲ್ಲಿ ಮಳೆಗಾಲದ ಭತ್ತದ ನಂತರ ನೀರಿನ ಆಸರೆಯಲ್ಲಿ ಬೆಳೆಯುವ ಬೆಂಡೆ ಈ ಹೊತ್ತಿಗೇ ಸಿಕ್ಕಿಬೀಳುತ್ತದೆ. ಇಲ್ಲಿನ ಬೆಂಡೆ ವಾಶಿಯ ಸಗಟು ಮಾರುಕಟ್ಟೆಗಷ್ಟೇ ಅಲ್ಲ, ಕೊಲ್ಲಿ ದೇಶಗಳಿಗೂ ಯೂರೋಪಿಗೂ ಹೋಗುತ್ತದೆ. ಕೀಟನಾಶಕದ ಉಳಿಕೆಗಾಗಿ ಯೂರೋಪು ಭಾರತದ ಬೆಂಡೆಯನ್ನು ವಿಶೇಷ ತಪಾಸಣೆಗೆ ಒಳಪಡಿಸುತ್ತದೆ. ಆದ್ದರಿಂದ ಪದೇ ಪದೇ ಔಷಧಿ ಹೊಡೆಯುವುದು ಇಲ್ಲಿನ ರೈತರಿಗೆ ಸುಲಭದ ದಾರಿಯಲ್ಲ. ಬಿಳಿನೊಣ ಔಷಧಿಗಳಿಗೆ ಬೇಗ ಒಗ್ಗಿಕೊಳ್ಳುವುದೂ, ಸಾಯುವ ಮುನ್ನವೇ ವೈರಸ್ ದಾಟಿಸಿಬಿಡುವುದೂ ಸೇರಿದರೆ ಔಷಧಿಯ ಮಿತಿ ಇನ್ನಷ್ಟು ಸ್ಪಷ್ಟ.

ಹಾನಿ ಎಷ್ಟೆಂಬುದು ಸೋಂಕು ಹತ್ತಿದ ವಯಸ್ಸನ್ನು ಅವಲಂಬಿಸಿದೆ. 1974ರಲ್ಲಿ ಪ್ರಕಟವಾದ ಸಾಸ್ತ್ರಿ ಮತ್ತು ಸಿಂಗ್ ಅವರ ಅಧ್ಯಯನದಲ್ಲಿ ಮೊಳೆತ 50 ದಿನಗಳ ನಂತರ ಸೋಂಕು ಹತ್ತಿದ ಗಿಡಗಳ ಇಳುವರಿ ಶೇಕಡಾ 84ರಷ್ಟು, 65 ದಿನಗಳ ನಂತರ ಹತ್ತಿದವುಗಳದು ಶೇಕಡಾ 49ರಷ್ಟು ಕಡಿಮೆಯಾಗಿತ್ತು. ಅದಕ್ಕೂ ಮೊದಲೇ ಹತ್ತಿದರೆ ಬೆಳೆ ಬಹುತೇಕ ಕೈಬಿಟ್ಟಂತೆ. ಎಳೆಗಿಡದಲ್ಲಿ ಹೊಸ ಎಲೆ, ಹೊಸ ನರಗಳು ಹುಟ್ಟುತ್ತಲೇ ಇರುತ್ತವೆ, ಸಕ್ಕರೆಯೂ ವೈರಸ್ಸೂ ಅತ್ತಲೇ ಹರಿಯುತ್ತವೆ. ಅದಕ್ಕೇ ಮೊದಲ ಐದಾರು ವಾರಗಳ ಕಾವಲು ಎಲ್ಲಕ್ಕಿಂತ ಮುಖ್ಯ. ಹೊಲದ ಸುತ್ತ ಎರಡು ಮೂರು ಸಾಲು ಮೆಕ್ಕೆಜೋಳ ಅಥವಾ ಜೋಳ ಬಿತ್ತುವುದು, ಹಳದಿ ಅಂಟುಬಲೆ ಕಟ್ಟುವುದು, ಬೇವಿನ ಕಷಾಯ ಸಿಂಪಡಿಸುವುದು, ವೈರಸ್‌ಗೆ ಆಶ್ರಯ ಕೊಡುವ ಕಳೆಗಳನ್ನು ಬದುವಿನಿಂದಲೂ ಹಳಿಬದಿಯಿಂದಲೂ ಕಿತ್ತುಹಾಕುವುದು, ಹಳೆಯ ಬೆಂಡೆ ಸಾಲಿನ ಪಕ್ಕದಲ್ಲೇ ಹೊಸದನ್ನು ಬಿತ್ತದಿರುವುದು, ಇವೆಲ್ಲ ಬಿಳಿನೊಣ ಮೊದಲ ಬಾರಿ ಚುಚ್ಚುವುದನ್ನು ತಡೆಯುವ ಅಥವಾ ಮುಂದೂಡುವ ಕ್ರಮಗಳು. ಬಾಲ್ಕನಿಯ ಕುಂಡಗಳಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಹೊದಿಸಬಹುದು. ಬೆಂಡೆಯ ಹೂವು ಸ್ವಂತ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಬಲೆಯಿಂದ ಫಸಲಿಗೆ ತೊಂದರೆಯಿಲ್ಲ.

ಹಳದಿ ನರ ಕಂಡ ಗಿಡವನ್ನು ಉಳಿಸುವ ಔಷಧಿ ಇಲ್ಲ. ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ವೈರಸ್ ಸಂಗಾತಿ ಕೋಶಗಳಿಂದ ನಳಿಕೆಗೆ, ನಳಿಕೆಯಿಂದ ಚಿಗುರಿಗೆ ತಲುಪಿರುತ್ತದೆ. ಎಲೆ ಕಿತ್ತರೆ, ರೆಂಬೆ ಕತ್ತರಿಸಿದರೆ ಅದು ಹೋಗುವುದಿಲ್ಲ, ಗಿಡದ ಕೋಶಗಳನ್ನೆಲ್ಲ ಕೂಡಿಸಿದ ಸಂಪರ್ಕದೊಳಗೇ ಅದು ನೆಲೆಸಿರುತ್ತದೆ. ಅಂಥ ಗಿಡವನ್ನು ಕಂಡ ದಿನವೇ ಬುಡಸಮೇತ ಕಿತ್ತು ಹೂಳಿದರೆ, ನೊಣವು ಅದರಿಂದ ರಸ ಹೀರಿ ಪಕ್ಕದ ಸಾಲಿಗೆ ಹೋಗುವುದನ್ನಾದರೂ ತಪ್ಪಿಸಬಹುದು.